ಪುಟ ಮಗುಚುವ ಜಾಗ

ಹೊಸಂಗಡಿಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನನ್ನ ಅಂಗಡಿಗೆ ಗಿರಾಕಿ.
ರೇಷನ್ ಕಾರ್ಡಿನ ಅರ್ಜಿ ಮಲಯಾಳದಲ್ಲಿ,
ಮದುವೆ ಕಾಗದ ಕನ್ನಡದಲ್ಲಿ,
ಚಿಲ್ಲರೆಗೆ ಜಗಳ ತುಳುವಿನಲ್ಲಿ.

ಆ ದಿನ ಬಂದದ್ದು ಎಡ್ನಾ ಟೀಚರು.
ಪ್ಲಾಸ್ಟಿಕ್ ತೊಟ್ಟೆಯೊಳಗೆ ಚರ್ಚಿನ ಹಾಡಿನ ಪುಸ್ತಕ.
‘ಗೆದ್ದಲು ಆಲ್ಟೋ ತಿಂದಿದೆ ಶಮೀಮಾ, ಬೇಸು ಬಿಟ್ಟಿದೆ.
ಕ್ರಿಸ್ಮಸ್ಸಿಗೆ ಮೊದಲು ಇಪ್ಪತ್ತು ಪ್ರತಿ ಬೇಕು.’
ನನಗೆ ಸಂಗೀತ ಬರುವುದಿಲ್ಲ ಎಂದೆ.
‘ಗೆರೆ ಎಣಿಸಲು ಬರುತ್ತದಲ್ಲ?’

ಐದು ಗೆರೆ. ಬಾಲವಿರುವ ಕಪ್ಪು ಕಾಳು.
ಕಾಳು ಹೇಗೋ ಕೂತವು;
ಕೂರದೆ ಹೋದದ್ದು ನನ್ನದೇ ಅಕ್ಷರ.
ಮೊದಲ ಸಾಲಿಗೇ ಸಂಸಾರ ಬೀದಿಗೆ ಬಿತ್ತು:
ಕೊಂಬು ಒಂದು ಕಡೆ, ಒತ್ತು ಒಂದು ಕಡೆ,
ಯಾರದೂ ಅಲ್ಲದ ಚುಕ್ಕಿ ಉಂಗುರಕ್ಕೆ
ಜೋತುಬಿದ್ದ ಏತ್ವ.
ಫಾಂಟು ಬದಲಿಸಿದೆ, ಒಟ್ಟುಗೂಡಿದವು.
‘ಸ್ತೋತ್ರ’ದ ಒತ್ತುಗಳು ಈಗ
ಕೆಳಗಿನ ಸಾಲಿನ ನೆತ್ತಿ ತುಳಿಯುತ್ತಿವೆ.
ಸಾಲು ದೂರ ಸರಿಸಿದರೆ
ಆಮೆನ್ ಮುಂದಿನ ಪುಟಕ್ಕೆ ಓಡುತ್ತದೆ.

ಮತ್ತೆ ‘ಕರ್ತ’.
ಟೀಚರು ಹಾಡುವಾಗ ಕರ್, ಆಮೇಲೆ ತ.
ನಾನು ಬರೆಯುವಾಗ ಕ, ಆಮೇಲೆ ರ್ತ.
ನಾಲಿಗೆ ಮುರಿಯುವಲ್ಲಿ ಲಿಪಿ ಮುರಿಯುವುದಿಲ್ಲ.
ನಡುವಿನ ಗೀಟು ಎಲ್ಲಿ ಎಂದು
ಒಂದು ಗೂಡ್ಸು ಗಾಡಿ ಹೋಗುವಷ್ಟು ಹೊತ್ತು ವಾದಿಸಿದೆವು.
‘ನಿಮ್ಮ ಮದ್ರಸದಲ್ಲಿ ಹೇಗೆ?’
ಅಲ್ಲಿ ಸ್ವರ ಅಕ್ಷರದ ತಲೆ ಮೇಲೆ ಕೂರುತ್ತದೆ ಟೀಚರೇ,
ಕೆಲವೊಮ್ಮೆ ಕಾಲ ಬುಡದಲ್ಲಿ.
‘ಇಲ್ಲೂ ಅಷ್ಟೇ ಅಲ್ಲವಾ’ ಎಂದು
ಕನ್ನಡಕ ಒರೆಸಿಕೊಂಡರು.

ನಲವತ್ತೆಂಟನೆಯ ಹಾಡು ಹಳೇ ಪುಸ್ತಕದಲ್ಲಿ
‘ಕೃಪೆ’ಯ ನಡುವೆ ಒಡೆದಿತ್ತು.
ಕೃ ಈ ಪುಟದ ತುದಿಗೆ, ಪೆ ಬೆನ್ನಿಗೆ.
ಅಚ್ಚಿನ ಮೊಳೆ ಜೋಡಿಸಿದವನ ಸೋಮಾರಿತನ, ನಾನು ಬಿಡಲಿಲ್ಲ.
ಅಂಚು ಎರಡು ಮಿಲಿಮೀಟರು ಕೊರೆದೆ,
ಕಾಳಿಗೂ ಕಾಳಿಗೂ ನಡುವಿನ ಗಾಳಿ ಹಿಂಡಿದೆ,
ರಾತ್ರಿ ಹನ್ನೊಂದಕ್ಕೆ
ಇಡೀ ಹಾಡು ಒಂದೇ ಪುಟಕ್ಕೆ ಬಂತು.
ಒಬ್ಬಳೇ ಚಪ್ಪಾಳೆ ತಟ್ಟಿದೆ.

ಬುಧವಾರ ಟೀಚರು:
‘ಎಲ್ಲ ಸರಿ ಇದೆ ಮಾರಾಯ್ತಿ, ಹಾಡು ಮಾತ್ರ ಸರಿ ಇಲ್ಲ.’

ಶನಿವಾರ ಸಂಜೆ ಲ್ಯಾಪ್‌ಟಾಪು ಎದೆಗವಚಿ
ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತೆ.
ಎಳೆಯರು ನನ್ನ ಕಾಗದ ನೋಡಿ ನೆಟ್ಟಗೆ ಹಾಡಿದರು.
ಹಳಬರು ‘ಕೃ’ಗೆ ಬಂದವರೇ ನಿಂತರು.
ಬೇಸಿನ ಸಾಲಿನ್ಸ್ ಮಾಸ್ಟ್ರು
ಬೆರಳು ನಾಲಿಗೆಗೆ ತಾಗಿಸಿ
ಇಲ್ಲದ ಹಾಳೆಯನ್ನು ಮಗುಚಿದರು.
ಅಷ್ಟು ಹೊತ್ತು ಆ ಕೃ ಮಾಡಿನ ಹಂಚಿಗೆ ತಾಗಿ
ಅಲ್ಲೇ ಇತ್ತು.
ಎಳೆಯರು ಆಗಲೇ ಪೆ ದಾಟಿ
ಮುಂದಿನ ಸಾಲಿನಲ್ಲಿ ತಬ್ಬಿಬ್ಬು.

ಅರುವತ್ತು ವರ್ಷ ಇಡೀ ಊರು
ಒಂದು ಒದ್ದೆ ಬೆರಳಿಗೆ ಕಾದಿದೆ.

ತಂತ್ರಾಂಶದಲ್ಲಿ ಅದಕ್ಕೂ ಒಂದು ಗುರುತುಂಟು,
ಕಾಳಿನ ಮೇಲೆ ಅರ್ಧಚಂದ್ರ, ಒಳಗೊಂದು ಚುಕ್ಕಿ:
ಇಲ್ಲಿ ತಂಗಿ ಎಂದು.
ಚಂದ್ರನನ್ನು ಎಳೆದು ತಂದು ಕೂರಿಸಿದೆ.
ಟೀಚರು ಬೇಡ ಎಂದರು.
‘ಚಂದ್ರ ನೋಡಿ ನಿಲ್ಲುವುದು ಬೇರೆ,
ಹಾಳೆ ಮುಗಿದು ನಿಲ್ಲುವುದು ಬೇರೆ.’

ಅಂಚು ಹಿಂದಕ್ಕೆ. ಗಾಳಿ ಹಿಂದಕ್ಕೆ.
ಕರ್ಸರನ್ನು ‘ಕೃ’ಯ ಬಲಕ್ಕೆ ಇಟ್ಟು
ಪುಟ ಒಡೆದೆ.

ಎರಡನೆಯ ಪುಟದಲ್ಲಿ ಈಗ ಮೂರೇ ಸಾಲು,
ಕೆಳಗೆಲ್ಲ ಬಿಳಿ.
ಒಂದು ಹೂವಿನ ಚಿತ್ರ ಹಾಕಲಾ ಎಂದು ಕೇಳಿದೆ.
ಟೀಚರು ಹಳೇ ಪುಸ್ತಕದ ಅದೇ ಪುಟ ತೆರೆದು ತೋರಿಸಿದರು,
ಗೆದ್ದಲು ಮುಟ್ಟದ ಮೂಲೆಯಲ್ಲಿ
ಯಾರದೋ ಪೆನ್ಸಿಲು:
‘ಲಿಲ್ಲಿಗೆ ಎರಡು ರೂಪಾಯಿ ಕೊಡಲಿಕ್ಕುಂಟು.’